ಇಡಗುಂದಿಯಲ್ಲಿ ಇಳಿಸಿದ ನಾಲ್ಕು ಪೆಟ್ಟಿಗೆ

ಐಸಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಎದೆ ತಟ್ಟಿಕೊಂಡು ತಿರುಗುತ್ತಿದ್ದ ಮನುಷ್ಯ ನಾನು. ಅಪ್ಪ ಶಿರಸಿ ಬಸ್‌ಸ್ಟ್ಯಾಂಡಿನ ಪಕ್ಕ ಕುಲ್ಫಿ ಗಾಡಿ ತಳ್ಳುತ್ತಿದ್ದರು. ನಾನು ಫ್ರೀಜರ್ ಲಾರಿ ಓಡಿಸುತ್ತೇನೆ, ಸ್ವಂತದ್ದು. ಮೀನು, ಐಸ್‌ಕ್ರೀಂ, ಔಷಧ, ಏನು ಹೇರಿದರೂ ಹೇರಿದ ಹಾಗೇ ಇಳಿಸಿದ್ದೇನೆ. ಆ ಜಂಬವೆಲ್ಲ ಇಳಿದದ್ದು ಯಲ್ಲಾಪುರದ ಈಚೆ ಇಡಗುಂದಿಯಲ್ಲಿ, ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ.

ಬಾಡಿಗೆ ಕೇಳಿ ಫೋನ್ ಬಂದಾಗ "ಎಂತ ಲೋಡು?" ಎಂದೆ. "ಐಸು" ಎಂದರು. "ಮೀನಿಗೆ ಹಾಕುದಾ?" ಎಂದರೆ "ಅಲ್ಲ, ಅಂಟಾರ್ಕ್ಟಿಕಾದ್ದು" ಎಂದರು. ಯಾರೋ ನನ್ನನ್ನು ಮಂಗ ಮಾಡುತ್ತಿದ್ದಾರೆ ಎಂದು ಫೋನ್ ಇಟ್ಟುಬಿಟ್ಟೆ. ಅವರು ಮತ್ತೆ ಮಾಡಿದರು. ಗೋವಾ ಕಡೆಯ ಒಂದು ಸಂಶೋಧನಾಲಯದಿಂದ ಬೆಂಗಳೂರಿನ ಇನ್ನೊಂದು ಸಂಶೋಧನಾಲಯಕ್ಕೆ ಹದಿನೆಂಟು ಥರ್ಮೊಕೋಲ್ ಪೆಟ್ಟಿಗೆ ಮುಟ್ಟಿಸಬೇಕು, ಮೈನಸ್ ಇಪ್ಪತ್ತೆರಡರಲ್ಲಿ ಇಟ್ಟಿರಬೇಕು, ಜೊತೆಗೆ ಒಬ್ಬ ವಿಜ್ಞಾನಿ ಬರುತ್ತಾರೆ ಎಂದರು.

ಆ ವಿಜ್ಞಾನಿ ನಲವತ್ತು ದಾಟಿದ ಹೆಂಗಸು, ಹಾವೇರಿ ಕಡೆಯವರು. ನನಗೆ ಅವರು ಮೊದಲಿಂದ ಕೊನೆಯವರೆಗೂ ಮೇಡಂ. ಲೋಡು ಮಾಡುವ ಮೊದಲು ಗಾಡಿಯ ಒಳಗನ್ನು ಮೂರು ಸಲ ತೊಳೆಸಿದರು. ಮೊದಲು ಸೋಪು, ಆಮೇಲೆ ನಲ್ಲಿ ನೀರು, ಕೊನೆಗೆ ತಮ್ಮದೇ ಕ್ಯಾನಿನಲ್ಲಿ ತಂದ ನೀರು. "ಮೀನಿನ ವಾಸನೆ ಪೂರಾ ಹೋಗಿದೆ ಮೇಡಂ, ಬೇಕಾದ್ರೆ ಒಳಗೆ ಮಲಗಿ ನೋಡಿ" ಎಂದೆ. "ವಾಸನಿ ಅಲ್ರಿ, ಇನ್ನೊಮ್ಮೆ ತೊಳೀರಿ" ಎಂದರು. ಮಡಿ ಜಾಸ್ತಿಯಾಯಿತು ಎಂದು ಗೊಣಗಿಕೊಂಡು ತೊಳೆದೆ. ಯಾಕೆ ಎಂದು ಕೇಳಿದ್ದರೆ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಒಂದು ಪೆಟ್ಟಿಗೆ ತೆರೆದು ತೋರಿಸಿದರು. ಒಳಗೆ ಮೀಟರುದ್ದದ ಹಿಮದ ದಿಂಡುಗಳು, ಪ್ಲಾಸ್ಟಿಕ್ಕಿನ ಉದ್ದ ಚೀಲದಲ್ಲಿ ಬಾಯಿ ಮಡಚಿ ಕ್ಲಿಪ್ಪು ಹಾಕಿದ್ದು. ಸಿಪ್ಪೆ ಸುಲಿದ ಬಾಳೆದಿಂಡಿನ ಹಾಗೇ ಬೆಳ್ಳಗೆ, ದುಂಡಗೆ. ಬೆಳಕಿಗೆ ಹಿಡಿದರೆ ಒಳಗೆ ತೆಳ್ಳನೆಯ ಅಡ್ಡ ಗೆರೆಗಳು. ಒಂದೊಂದು ಗೆರೆ ಒಂದೊಂದು ವರ್ಷ ಬಿದ್ದ ಹಿಮವಂತೆ. ಮೇಲಿನದು ಈಚಿನದು, ಆಳದ್ದು ಹಳೆಯದು. ಎಲ್ಲಕ್ಕಿಂತ ಹಳೆಯ ಹಿಮವಿದ್ದ ನಾಲ್ಕು ಪೆಟ್ಟಿಗೆಯನ್ನು ನೆಲಕ್ಕೆ ತಾಗಿ ಕೆಳಗಿನ ಸಾಲಿನಲ್ಲಿ ಇಡಿಸಿದರು, ಅಲ್ಲೇ ಥಂಡಿ ಹೆಚ್ಚು ಎಂದು. ಆ ನಾಲ್ಕಕ್ಕೆ ಮಾತ್ರ ಬುಡದಲ್ಲಿ ಸಣ್ಣ ತೂತು ಕೊರೆದು ಉಷ್ಣತೆ ಅಳೆಯುವ ತಂತಿ ಇಳಿಬಿಟ್ಟಿದ್ದರು. ತಂತಿಯ ಇನ್ನೊಂದು ತುದಿ ನನ್ನ ಕ್ಯಾಬಿನ್ನಿನಲ್ಲಿಟ್ಟ ಮೀಟರಿಗೆ. ಗಾಡಿಯ ನೆಲದಲ್ಲಿ ನೀರು ಹೋಗುವ ತೂತುಗಳಿಗೆ ನಾನು ರಬ್ಬರ್ ಬಿರಡೆ ಬಿಗಿದೆ. ಅದು ನನ್ನದೇ ಪದ್ಧತಿ, ಅಷ್ಟು ಥಂಡಿ ಬೇಕಾದಾಗ ಬೆರಳು ತೂರುವಷ್ಟು ಸಂದಿಯೂ ಇರಬಾರದು.

"ಕರಗಬಾರದು ನೋಡ್ರಿ, ಅಷ್ಟ ನಿಮ್ಮ ಜವಾಬ್ದಾರಿ" ಎಂದರು ಮೇಡಂ. ಅಷ್ಟೇ ತಾನೇ, ಎಂದುಕೊಂಡೆ.

ಅಂಕೋಲೆ ದಾಟಿದ ಮೇಲೆ ಮಳೆ ಹಿಡಿಯಿತು. ನಾನು ಬಾಯಿ ಮುಚ್ಚಿಕೊಂಡು ಓಡಿಸುವವನಲ್ಲ. "ಹೆದ್ರಬೇಡಿ ಮೇಡಂ, ಒಂದು ವೇಳೆ ಕರಗಿದ್ರೂ ಅಲ್ಲಿ ಐಸಿಗೆ ಬರಗಾಲ ಇದ್ಯಾ? ಮತ್ತೊಂದು ನಾಲ್ಕು ಪೆಟ್ಟಿಗೆ ತಂದ್ರಾಯ್ತು" ಎಂದು ನಕ್ಕೆ.

ಅವರು ನಗಲಿಲ್ಲ. "ಆ ಜಾಗನ ಇಲ್ರಿ ಈಗ" ಎಂದರು. ಸಮುದ್ರದ ಮೇಲಕ್ಕೆ ಚಾಚಿಕೊಂಡ ಹಿಮದ ಹಾಸಿನ ಮೇಲೆ ಡೇರೆ ಹಾಕಿ ಎರಡು ಬೇಸಿಗೆ ಕೊರೆದಿದ್ದರಂತೆ. ಅವರು ಹಿಂತಿರುಗಿದ ಮೇಲೆ ಆ ಹಾಸು ಮುರಿದು ಸಮುದ್ರಕ್ಕೆ ಹೋಯಿತು. ಆಕಾಶದಿಂದ ತೆಗೆದ ಚಿತ್ರದಲ್ಲಿ ನೋಡಿದರಂತೆ. "ಡೇರೆ ಹಾಕಿದ್ದ ಜಾಗಕ್ಕ ಬೆರಳಿಟ್ಟೆ, ಬರೇ ನೀರಿತ್ತು. ನನ್ನ ಹತ್ರ ಇರೂದು ಇಷ್ಟ, ಹಿಂದ ನಿಮ್ಮ ಗಾಡ್ಯಾಗ ಇರೂದು." ನನ್ನ ತಮಾಷೆ ನನಗೇ ಕಹಿಯಾಯಿತು.

ಅರಬೈಲ್ ಘಟ್ಟದ ತುದಿ ಮುಟ್ಟುವಾಗ ಹಿಂದಿನ ಕೂಲಿಂಗ್ ಯೂನಿಟ್ಟಿನ ಸದ್ದು ಬದಲಾಯಿತು. ಬೆಲ್ಟು ಸುಟ್ಟ ವಾಸನೆ. ಇಡಗುಂದಿಯಲ್ಲಿ ರಸ್ತೆ ಪಕ್ಕಕ್ಕೆ ಹಾಕಿ ಇಳಿದೆ. ಹೊಸ ಬೆಲ್ಟು ಹಾಕಿದರೆ ಎರಡು ನಿಮಿಷಕ್ಕೆ ಅದೂ ಹೊಗೆಯಾಡಿತು. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಲು ನೋಡಿದೆ, ಮಿಸುಕಲಿಲ್ಲ. ಕಂಪ್ರೆಸರ್ ಜಾಮ್. ಅದನ್ನು ಬಿಚ್ಚಿ ಕೂರಿಸುವುದು ರಸ್ತೆ ಬದಿಯ ಕೆಲಸವಲ್ಲ. ಮೇಡಂ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ಆಗೂದಿಲ್ಲೇನ್ರಿ?" ಎಂದರು. "ಇಲ್ಲ ಮೇಡಂ" ಎನ್ನುವಾಗ ನನಗೆ ಅವಮಾನವಾಯಿತು.

ಹಿಂದೆ ಹೋಗೋಣವೆಂದರೆ, ನಾವು ಹತ್ತಿ ಅರ್ಧ ಗಂಟೆಯಾಗಿರಲಿಲ್ಲ, ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಮುಂದೆ ಕೂಗಳತೆಯಲ್ಲೇ, ಯಲ್ಲಾಪುರದ ಕಡೆ, ಹಳ್ಳ ಉಕ್ಕಿ ಒಂದು ಮೋರಿ ಕುಸಿದಿತ್ತು. ಹಲಗೆ ಹಾಕಿದ್ದರು, ಜನ ದಾಟಬಹುದು, ಗಾಡಿ ದಾಟುವ ಹಾಗಿಲ್ಲ. ಹುಬ್ಬಳ್ಳಿಯಿಂದ ಬೇರೆ ಫ್ರೀಜರ್ ಗಾಡಿ ಮೋರಿಯ ಆಚೆ ದಡಕ್ಕೆ ಬರಬಹುದು, ಆದರೆ ಮಾರನೆಯ ದಿನ ಮಧ್ಯಾಹ್ನಕ್ಕೆ. ಆಗ ಬೆಳಗಿನ ಹತ್ತು ಗಂಟೆ. ಮೀಟರು ಮೈನಸ್ ಇಪ್ಪತ್ತೊಂದು ತೋರಿಸುತ್ತಿತ್ತು.

"ಮೈನಸ್ ಹತ್ತರ ಮ್ಯಾಲೆ ಹೋಗಬಾರದು" ಎಂದರು ಮೇಡಂ. "ಹೋದ್ರ ಒಂದು ವರ್ಷದ್ದು ಇನ್ನೊಂದರಾಗ ಕಲಸಿಬಿಡತೈತಿ."

ಬಾಗಿಲು ತೆರೆಯಲಿಲ್ಲ. ಸಂದಿಗೆಲ್ಲ ಟೇಪು ಸುತ್ತಿದೆ. ಗಾಡಿಯ ಮಾಡಿಗೆ ಗೋಣಿ ಹಾಸಿ ತಾಡಪತ್ರಿ ಕಟ್ಟಿದೆ. ಯಲ್ಲಾಪುರ ಮೀನು ಮಾರ್ಕೆಟ್ಟಿನ ಗೆಳೆಯನಿಗೆ ಫೋನು ಹಾಕಿದೆ. ಅವನು ಬೈಯುತ್ತಲೇ ಹನ್ನೆರಡು ಐಸ್ ಗಡ್ಡೆಯನ್ನು ಮೋರಿಯವರೆಗೆ ತಂದು, ಹಲಗೆಯ ಮೇಲೆ ಹೊತ್ತು ದಾಟಿಸಿ ಹೋದ. ಮಧ್ಯಾಹ್ನ ಒಂದು ಗಂಟೆಗೆ ಮೈನಸ್ ಹದಿನಾರು. ಗಡ್ಡೆಗಳನ್ನು ಒಳಗೆ ಪೇರಿಸಲು ಹೋದರೆ ಮೇಡಂ ತಡೆದರು.

"ಬ್ಯಾಡ್ರಿ. ಇದನ್ನ ಹಾಕಿದ್ರ ಒಳಗ ಉಲ್ಟಾ ಬಿಸಿ ಆಗತೈತಿ."

"ಐಸು ಬಿಸಿ ಮಾಡ್ತದಾ ಮೇಡಂ?"

"ನಮ್ಮ ಹಿಮ ಇದಕ್ಕಿಂತ ಥಂಡೈತ್ರಿ. ಹೊರಗ ಇರ್ಲಿ. ಕೊನಿಗೆ ಏನೂ ಇಲ್ಲದಾಗ ನೋಡೂಣು." ಇದಕ್ಕಿಂತ ಎಷ್ಟೋ ಥಂಡಿಯಾದ ಡ್ರೈ ಐಸ್ ಎಲ್ಲಾದರೂ ಸಿಗುತ್ತದೆಯೇ ವಿಚಾರಿಸುತ್ತೇನೆ ಎಂದು ತಮ್ಮ ಫೋನಿಗೆ ನೆಟ್‌ವರ್ಕ್ ಹುಡುಕಿಕೊಂಡು ಅವರು ಮೋರಿ ದಾಟಿ ಯಲ್ಲಾಪುರದ ಕಡೆ ನಡೆದರು. "ಬಾಗಿಲಾ ತಗೀಬ್ಯಾಡ್ರಿ" ಎಂದು ಹೇಳಿ ಹೋದರು.

ಮೂರು ಗಂಟೆಗೆ ಮೈನಸ್ ಹನ್ನೆರಡೂವರೆ. ಮೇಡಂ ಬರಲಿಲ್ಲ. ಕ್ಯಾಬಿನ್ನಿನಲ್ಲಿ ಕೂತು ಆ ಮೀಟರನ್ನೇ ನೋಡಿದೆ. ಹನ್ನೆರಡು. ಹನ್ನೊಂದು ಮುಕ್ಕಾಲು. ನನಗೆ ಅಪ್ಪನ ಕುಲ್ಫಿ ಮಡಕೆ ನೆನಪಾಯಿತು. ದೊಡ್ಡ ಮಡಕೆಯಲ್ಲಿ ಐಸು ಜಜ್ಜಿ ಹಾಕಿ, ನಡುವೆ ಕುಲ್ಫಿಯ ತಗಡಿನ ಅಚ್ಚು ನಿಲ್ಲಿಸಿ, ಮೇಲಿಂದ ಬೊಗಸೆ ಬೊಗಸೆ ಕಲ್ಲುಪ್ಪು ಸುರಿಯುತ್ತಿದ್ದರು. ಬರೀ ಐಸಿನಲ್ಲಿ ಕುಲ್ಫಿ ಗಟ್ಟಿಯಾಗುವುದಿಲ್ಲ. "ಉಪ್ಪು ಬಿದ್ದರೆ ಐಸಿಗೆ ಸಿಟ್ಟು ಬರ್ತದೆ" ಎನ್ನುತ್ತಿದ್ದರು. ಸಂಜೆ ಮಿಕ್ಕ ನೀರನ್ನು ಚರಂಡಿಗೆ ಚೆಲ್ಲಿ ಮಡಕೆ ಕವುಚಿ ಮನೆಗೆ ಬರುತ್ತಿದ್ದರು. ಅಷ್ಟು ಓದಿದ ಮೇಡಂಗೆ ಇದು ಗೊತ್ತಿಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ಈಗಲೂ ಮುಚ್ಚಿಡಲಾರೆ.

ಇಡಗುಂದಿಯ ಕಿರಾಣಿ ಅಂಗಡಿಗೆ ಓಡಿದೆ. "ಕಲ್ಲುಪ್ಪು ಎಷ್ಟಿದೆ ಅಷ್ಟೂ ಕೊಡಿ" ಎಂದೆ.

"ಎಂತಕ್ಕೆ ಸಾಬ್ರೆ, ಇಡೀ ಊರಿಗೆ ಉಪ್ಪಿನಕಾಯಿ ಹಾಕ್ತ್ರಾ?" ಎಂದು ಅಂಗಡಿಯವರು ನಕ್ಕು, ಒಳಗಿದ್ದ ಹೆಂಡತಿಯನ್ನು ಕೂಗಿದರು, "ಏ, ಉಪ್ಪಿನ್ ಚೀಲ ಎಲ್ಲಿಟ್ಟಿದ್ಯೇ? ತಡಿ, ಆನೇ ತಗಂಬತ್ತೆ." ತಾವೇ ಒಳಗೆ ಹೋಗಿ ಹುಡುಕಿ ತಂದರು, ಎರಡು ಚೀಲ ಸಿಕ್ಕಿತು. ಗಾಡಿಯವರೆಗೆ ಒಂದನ್ನು ಅವರೇ ಹೊತ್ತು ತಂದರು.

ಬಾಗಿಲು ತೆರೆದೆ. ಗಡ್ಡೆಗಳನ್ನು ಸುತ್ತಿಗೆಯಿಂದ ಜಜ್ಜಿ, ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಕಲಸಿ, ಪೆಟ್ಟಿಗೆಗಳ ಸುತ್ತ, ಸಾಲುಗಳ ನಡುವೆ ಒತ್ತಿ ತುಂಬಿದೆ. ಕೈ ಉರಿದು ಕೆಂಪಾಯಿತು. ಬಾಗಿಲು ಮುಚ್ಚಿ ಮೀಟರಿನ ಮುಂದೆ ಕೂತೆ. ಬಾಗಿಲು ತೆರೆದದ್ದಕ್ಕೆ ಮೈನಸ್ ಹತ್ತೂವರೆಗೆ ಬಂದಿತ್ತು, ಅಲ್ಲೇ ನಿಂತಿತು. ಆಮೇಲೆ ಹನ್ನೆರಡು. ಹದಿಮೂರು. ನಾಲ್ಕೂವರೆಗೆ ಹದಿನೈದು. ನಾನು ಒಬ್ಬನೇ ಕ್ಯಾಬಿನ್ನಿನಲ್ಲಿ ಚಪ್ಪಾಳೆ ತಟ್ಟಿದೆ.

ಮೇಡಂ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದರು. ಡ್ರೈ ಐಸು ಸಿಕ್ಕಿರಲಿಲ್ಲ. ಮೀಟರು ನೋಡಿ ಅವರ ಮುಖ ಅರಳಿತು. "ಹೆಂಗ್ರೀ ಇದು? ಮಷೀನ್ ಚಾಲೂ ಆತೇನು? ಭಾಳ ಶಾಣ್ಯಾರದೀರಿ ಬಿಡ್ರಿ!" ನಾನು ಮದುಮಗನ ಹಾಗೆ ನಡೆದು ಹೋಗಿ ಬಾಗಿಲು ತೆರೆದೆ.

ಅವರು ಬಗ್ಗಿ ನೋಡಿದರು. ಹೊಸ್ತಿಲ ಮೇಲೆ ಬಿದ್ದಿದ್ದ ಒಂದು ಹರಳನ್ನು ಎತ್ತಿ ನಾಲಿಗೆಗೆ ಮುಟ್ಟಿಸಿಕೊಂಡರು.

"ಯಾರ್ ಹೇಳಿದ್ರು ನಿಮಗ?" ಎಂದರು. ಆಮೇಲೆ ಕಿರುಚಿದರು, "ಯಾರ್ ಹೇಳಿದ್ರು ಅಂತ ಕೇಳಾಕತ್ತೀನಿ!"

"ಕರಗಬಾರ್ದು ಅಂದಿದ್ರಿ ಮೇಡಂ" ಎಂದೆ.

ಅವರು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಳೆ ಅವರ ತಲೆಯ ಮೇಲೇ ಬೀಳುತ್ತಿತ್ತು. ನನ್ನ ಕಡೆ ನೋಡದೆ ಹೇಳಿದರು. "ಅಲ್ಲಿ ಚಳಿಗಾಲಕ್ಕ ಸಮುದ್ರನ ಹೆಪ್ಪುಗಟ್ಟತೈತ್ರಿ. ಹಿಂದಕ ಯಾವ ವರ್ಷ ಎಷ್ಟು ದೂರ ಹೆಪ್ಪುಗಟ್ಟಿತ್ತು ಅಂತ ನೋಡಿ ಬರದವರು ಯಾರೂ ಇಲ್ಲ. ಸಮುದ್ರದ ಉಪ್ಪು ಗಾಳಿಗೆ ಹಾರಿ ಬಂದು ಹಿಮದಾಗ ಕುಂತಿರತೈತಿ. ಒಂದೊಂದು ಗೆರಿಯೊಳಗ ಎಷ್ಟು ಉಪ್ಪೈತಿ ಅಂತ ಅಳದ್ರ ಆ ವರ್ಷದ ಸಮುದ್ರ ಹೆಂಗಿತ್ತು ಅಂತ ತಿಳೀತೈತಿ. ಕಣ್ಣಿಗೆ ಕಾಣದಷ್ಟು ಉಪ್ಪು. ನೀವು ಎರಡು ಚೀಲ ಸುರುವೀರಿ."

ಆಮೇಲೆ ಇನ್ನೂ ಮೆಲ್ಲಗೆ, "ನಾನರ ನಿಮಗ ಹೇಳಬೇಕಿತ್ತು" ಎಂದರು. ಆ ಮಾತು ನನಗೆ ಕಿರುಚಿದ್ದಕ್ಕಿಂತ ಹೆಚ್ಚು ಚುಚ್ಚಿತು. ಮೂರು ಸಲ ಯಾಕೆ ತೊಳೆಸಿದರು ಎನ್ನುವುದು ಆಗ ತಲೆಗೆ ಹೋಯಿತು.

ಮೊದಲು ನೆಲದ ಬಿರಡೆ ಕಿತ್ತೆ. ಉಪ್ಪುನೀರು ಭರ್ರೆಂದು ರಸ್ತೆಗೆ ಸುರಿಯಿತು. ಅಷ್ಟು ನೀರು ಒಳಗೆ ನಿಂತಿದ್ದಕ್ಕೆ ನಾನು ಬಿಗಿದ ಆ ಬಿರಡೆಗಳೇ ಕಾರಣ. ಮೇಲಿನ ಸಾಲಿನ ಹದಿನಾಲ್ಕು ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ, ಅವರು ತಂದಿದ್ದ ನೀರಿನಿಂದ ಹೊರಗೆ ಒರೆಸಿ, ತೆರೆದು ನೋಡಿದೆವು. ಒಳಗೆ ಒಣಗಿತ್ತು. ಕೆಳಗಿನ ನಾಲ್ಕನ್ನು ತೆರೆದಾಗ ಎಲ್ಲದರ ತಳದಲ್ಲೂ ನೀರು. ತಂತಿಗೆ ಕೊರೆದ ತೂತಿನಿಂದ ಹೊಕ್ಕಿತ್ತು. ದಿಂಡುಗಳ ಮಡಚಿದ ಬಾಯಿಯೊಳಗೂ ಇಳಿದಿತ್ತು.

"ಇದು ಹಿಮದ್ದೇ ನೀರಾಗಿರಬಹುದಲ್ಲ ಮೇಡಂ? ಸ್ವಲ್ಪ ಕರಗಿರಬಹುದು" ಎಂದೆ. ಕರಗಿರಲಿ ಎಂದು ದೇವರಲ್ಲಿ ಕೇಳಿಕೊಳ್ಳುವ ಗತಿ ಬಂದಿತ್ತು ನನಗೆ.

"ಈ ಥಂಡಿಯೊಳಗ ನೀರಾಗಿ ನಿಂತೈತಿ ಅಂದ್ರ ಉಪ್ಪುನೀರ ಅದು" ಎಂದರು.

ಇನ್ನು ಹದಿನಾಲ್ಕನ್ನು ಉಳಿಸುವ ಪ್ರಶ್ನೆ. ಉಪ್ಪು ಬೆರೆಸಿದ ಐಸು ತೆಗೆದರೆ ನಾಳೆ ಮಧ್ಯಾಹ್ನದವರೆಗೆ ಥಂಡಿ ನಿಲ್ಲುವುದಿಲ್ಲ. ಬಿಟ್ಟರೆ ಉಳಿದದ್ದಕ್ಕೂ ಉಪ್ಪು ತಾಗುತ್ತದೆ. ಅಂಗಡಿಯವರು ಇದನ್ನೆಲ್ಲ ನಿಂತು ನೋಡುತ್ತಿದ್ದರು. ಅವರು ಹಾಲಿನ ಡೇರಿಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. "ಮುಚ್ಚಳ ಬಿಗಿ ಇದ್ದಿದ್ರಲ್ಲಿ ತುಂಬಿದ್ರೆ ಆಗ್ತಾ? ಹಾಲಿನ ಕ್ಯಾನು ಏಳು ಇದ್ದು, ಖಾಲಿ" ಎಂದರು.

ಮೇಡಂ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ನಾನು ತಲೆ ತಗ್ಗಿಸಿದೆ. ಒಂದು ಮಾತು ಕೇಳಿದ್ದರೆ, ಬರೇ ಎರಡು ಗಂಟೆ ಮೊದಲು ಕೇಳಿದ್ದರೆ, ಅಪ್ಪನ ಉಪ್ಪು ಕ್ಯಾನಿನೊಳಗೆ ಕೂತು ಹದಿನೆಂಟು ಪೆಟ್ಟಿಗೆಯನ್ನೂ ಕಾಯುತ್ತಿತ್ತು. ಆ ಉಪಾಯದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನಲ್ಲಿತ್ತು.

ಉಪ್ಪು ಕಲಸಿದ ಐಸನ್ನೆಲ್ಲ ಬಾಚಿ ಕ್ಯಾನುಗಳಿಗೆ ತುಂಬಿ, ಹೊರಗೆ ತೊಳೆದು, ಒರೆಸಿ, ಪೆಟ್ಟಿಗೆಗಳ ನಡುವೆ ನಿಲ್ಲಿಸಿದೆವು. ಗಾಡಿಯ ನೆಲ ತೊಳೆದು, ಮೀಟರಿನ ತಂತಿಗಳನ್ನು ಒಳ್ಳೆಯ ಪೆಟ್ಟಿಗೆಗಳ ನಡುವೆ ಸಿಕ್ಕಿಸಿದೆವು. ಏಳು ಕ್ಯಾನು ಸಾಲದು ಎಂದು ಮೀಟರು ಹೇಳಿತು. ಆಗ ಮೇಡಂ ಆ ನಾಲ್ಕು ಪೆಟ್ಟಿಗೆಗಳ ಮುಂದೆ ಕೂತು, ಕೈಗವಸು ಬಿಚ್ಚಿದರು. ಅಲ್ಲಿಯವರೆಗೆ ಯಾರೂ ಬರಿಗೈಯಲ್ಲಿ ಮುಟ್ಟಕೂಡದು ಎಂದಿದ್ದವರು.

"ಇವು ಇನ್ನ ಬರೇ ಐಸು. ಉಳಿದವನ್ನ ಕಾಯ್ಲಿ" ಎಂದರು.

ಹಾಳಾದ ದಿಂಡುಗಳನ್ನು ಹೊಸ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಹದಿನಾಲ್ಕು ಪೆಟ್ಟಿಗೆಯ ಮೇಲೆ ಒತ್ತೊತ್ತಾಗಿ ಹಾಸಿದೆವು, ಥಂಡಿ ಮೇಲಿಂದ ಕೆಳಗಿಳಿಯಲಿ ಎಂದು. ಪ್ರತಿ ದಿಂಡಿನ ಮೇಲೂ ಆಳದ ಅಳತೆ ಬರೆದ ಚೀಟಿ ಇತ್ತು. ಮೇಡಂ ಒಂದೊಂದನ್ನೂ ಓದಿ ನನ್ನ ಕೈಗೆ ಕೊಟ್ಟರು. ನಾನು ಕೂಸನ್ನು ಇಟ್ಟ ಹಾಗೆ ಇಟ್ಟೆ. ಈಗ ಜೋಪಾನ ಮಾಡಿ ಏನು ಪ್ರಯೋಜನ? ಆದರೂ ಹಾಗೇ ಇಟ್ಟೆ.

ಬೆಳಗಾಗುವಾಗ ಮೈನಸ್ ಹದಿಮೂರು. ಹುಬ್ಬಳ್ಳಿಯ ಗಾಡಿ ಹನ್ನೆರಡೂವರೆಗೆ ಮೋರಿಯ ಆಚೆ ಬಂದು ನಿಂತಾಗ ಹನ್ನೊಂದು. ರಸ್ತೆಯ ಮಣ್ಣು ತೆಗೆಯುತ್ತಿದ್ದವರಲ್ಲಿ ಆರು ಜನ ಕೈಕೊಟ್ಟರು. ಹಲಗೆಯ ಮೇಲೆ ಹದಿನಾಲ್ಕು ಪೆಟ್ಟಿಗೆ ದಾಟಿತು. ಒಂದಕ್ಕೂ ಏಟಾಗಲಿಲ್ಲ.

ಮೇಲೆ ಹಾಸಿದ್ದ ದಿಂಡುಗಳು ನನ್ನ ಗಾಡಿಯಲ್ಲೇ ಉಳಿದವು. "ಇವನ್ನ ಎಂತ ಮಾಡುದು ಮೇಡಂ?" ಎಂದೆ. ರಸ್ತೆ ಬದಿಯ ಹುಲ್ಲಿನ ಮೇಲೆ ಇಳಿಸಿ ಎಂದರು. ಆಚೆ ದಡದಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅವರು ಹೋಗಲಿಲ್ಲ. ದಿಂಡುಗಳನ್ನು ಅವುಗಳ ಕ್ರಮದಲ್ಲೇ, ಹೊಸದರಿಂದ ಹಳೆಯದರವರೆಗೆ, ಸಾಲಾಗಿ ಇಡಿಸಿದರು. ಮಳೆ ಹನಿ ಬಿದ್ದಲ್ಲೆಲ್ಲ ಗುಳಿ ಬೀಳುತ್ತಿತ್ತು. ಹತ್ತಿರ ಕಿವಿಯಿಟ್ಟರೆ ಸಣ್ಣಗೆ ಚಿಟ್ ಚಿಟ್ ಎನ್ನುತ್ತಿತ್ತು, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬರುವ ಸದ್ದಂತೆ. ಕೊನೆಯ ದಿಂಡಿನ ಒಂದು ಗೆರೆಯ ಮೇಲೆ ಬೆರಳಿಟ್ಟು, "ಇದು ಬಿದ್ದಾಗ ನಮ್ಮ ಮುತ್ತಜ್ಜಿನೂ ಹುಟ್ಟಿರಲಿಲ್ರಿ" ಎಂದರು. ಅವರ ಬೆರಳ ಕೆಳಗೇ ಗೆರೆ ಅಳಿಸಿಹೋಯಿತು. ಆಗ ಅತ್ತರು. ನಾನೂ ಅತ್ತೆ. ಮಳೆಯಿತ್ತು, ಯಾರಿಗೂ ಕಂಡಿರಲಿಕ್ಕಿಲ್ಲ.

ಹೋಗುವ ಮೊದಲು ದಿಂಡು ಸುತ್ತಿದ್ದ ಪ್ಲಾಸ್ಟಿಕ್ಕಿನಲ್ಲಿ ಕೂಡಿಕೊಂಡಿದ್ದ ನೀರನ್ನು ಒಂದು ಸಣ್ಣ ಬಾಟಲಿಗೆ ತುಂಬಿ, "ಇಟ್ಕೊಳ್ರಿ" ಎಂದು ಕೊಟ್ಟರು. ಶಿಕ್ಷೆಗೆ ಕೊಟ್ಟರೋ ನೆನಪಿಗೆ ಕೊಟ್ಟರೋ ಕೇಳುವ ಧೈರ್ಯ ನನಗಿರಲಿಲ್ಲ.

ಅದು ಕ್ಯಾಬಿನ್ನಿನ ಡಬ್ಬಿಯಲ್ಲಿ ಎಂಟು ತಿಂಗಳು ಉರುಳಾಡಿತು. ಎಂಟನೆಯ ತಿಂಗಳು ಮೇಡಂ ಫೋನಿಗೆ ಒಂದು ಚಿತ್ರ ಕಳಿಸಿದರು. ವರ್ಷಗಳ ಮೇಲೆ ಹೋಗುವ ಒಂದು ಗೆರೆ, ಏರುತ್ತ ಇಳಿಯುತ್ತ. ಬಲಗಡೆ ಈಚಿನ ವರ್ಷಗಳು. ಎಡಗಡೆ, ಹಳೆಯ ಕಾಲದ ಜಾಗದಲ್ಲಿ, ಗೆರೆಯೇ ಇಲ್ಲ. ಖಾಲಿ. "ಹದಿನಾಲ್ಕೂ ಚಲೋ ಬಂದಾವ್ರಿ" ಎಂದು ಕೆಳಗೆ ಬರೆದಿದ್ದರು. ನಾನು ಇಡೀ ದಿನ ಎಡಗಡೆಯನ್ನೇ ನೋಡಿದೆ.

ಅವತ್ತು ಶಿರಸಿ ಹತ್ತಿರದ ಇಸಳೂರಿನ ನಮ್ಮ ಮನೆಗೆ ಬಂದ ಮೇಲೆ ಬಾಟಲಿಯನ್ನು ಒಳಗೆ ತಂದೆ. ನಮ್ಮದು ಮನೆಯಲ್ಲಿ ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನಿಗೆ ಇಡಗುಂದಿಯ ವಿಷಯ ನಾನು ಹೇಳಿರಲಿಲ್ಲ. "ಏನದು?" ಎಂದರು. "ದಕ್ಷಿಣ ಧ್ರುವದ ನೀರು ಅಮ್ಮಾ. ನಿನ್ನ ಅಜ್ಜಿ ಹುಟ್ಟುವ ಮೊದಲೇ ಬಿದ್ದ ಹಿಮ, ಕರಗಿದ್ದು." ಹಜ್ಜಿಗೆ ಹೋದವರು ಜಂಜಂ ನೀರು ತಂದುಕೊಟ್ಟಾಗ ಮಾಡುವ ಹಾಗೆ ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸ್ಮಿಲ್ಲಾ ಎಂದು, ನಾನು ತಡೆಯುವ ಮೊದಲೇ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನಾಲಿಗೆಗೆ ಹಚ್ಚಿದರು.

ಮುಖ ಕಿವುಚಿ ನನ್ನನ್ನೇ ನೋಡಿದರು.

"ಯಾರು ಮೋಸ ಮಾಡಿದರೋ ನಿನಗೆ? ಇದು ನಿನ್ನಪ್ಪ ದಿನಾ ಸಂಜೆ ಕುಲ್ಫಿ ಮಡಕೆಯಿಂದ ಚರಂಡಿಗೆ ಚೆಲ್ಲುತ್ತಿದ್ದ ನೀರು."